ಇನ್ನೂ ಪೆಂಡಿಂಗ್

ಅತ್ತೆಯವರೇ,

ನೀವು ತೀರಿಕೊಂಡು ಹತ್ತೊಂಬತ್ತು ದಿನವಾಯಿತು. ರಿಯಾದ್‌ನಲ್ಲಿರುವ ನಿಮ್ಮ ಮಗನಿಗೆ ನಾನಿನ್ನೂ ಹೇಳಿಲ್ಲ. ಕೆಲಸದ ಪರವಾನಗಿ ನವೀಕರಣವಾಗದೆ ಅವರು ಅಲ್ಲಿಂದ ಹೊರಡುವಂತಿಲ್ಲ. ಹೇಳಿದರೆ ಒಬ್ಬರೇ ಕೂತು ಅಳಬೇಕು.

ಇವತ್ತೂ ಮಸ್ಕಿಯಿಂದ ಸಿಂಧನೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ನೋಡಿಸಿದೆ. "ಇನ್ನಾ ಪೆಂಡಿಂಗ್ ಐತ್ರೀ ಅಕ್ಕಾರ," ಎಂದ ಅಂಗಡಿಯ ಶಿವಕಾಂತ. ನನಗೆ ಹಾಯೆನಿಸಿತು. ಪರವಾನಗಿ ಬಂದ ದಿನ ನಾನು ಬಾಯಿ ಬಿಡಲೇಬೇಕಲ್ಲ.

ಅಷ್ಟರಲ್ಲಿ ಅವರದೇ ಫೋನ್.

"ಅವ್ವಗ ಕೊಡು, ದನಿ ಕೇಳಿ ಭಾಳ ದಿನ ಆತು."

"ನಾ ಸಿಂಧನೂರಾಗ ಅದೀನ್ರೀ. ಅತ್ತಿ ಮನ್ಯಾಗ ಅದಾರ."

"ಹಂಗಾರ ಮನಿಗೆ ಹೋಗೂಮುಂದ ಅಕಿಗೆ ಬಾಳೆಹಣ್ಣು ತಗೊಂಡು ಹೋಗು."

"ಹೂನ್ರೀ," ಎಂದೆ. ಅಷ್ಟಾದರೂ ಸುಳ್ಳಾಗದಿರಲೆಂದು ಒಂದು ಡಜನ್ ಕೊಂಡು ಮನೆಗೆ ತಂದಿದ್ದೇನೆ.

ನಿಮ್ಮ ಸೊಸೆ,
ಮಮತಾ