ಬೂದಿಗೆರೆ ತುಂಡಾದ ಜಾಗ

ಪಿಚಿಪೆವೆನ್ ಕಣಿವೆ
ಏಪ್ರಿಲ್ 26, 2009, ಭಾನುವಾರ

ಪ್ರೀತಿಯ ತಂಗಿ ಫ್ರೆಸಿಯಾ,

ನೀನು ಹೊಸ ವರ್ಷದ ಹೊತ್ತಿಗೆ ಬರೆದ ಕಾಗದ ಫೆಬ್ರವರಿಯಲ್ಲೇ ಕೈಸೇರಿತು. ಇಷ್ಟು ದಿನ ಉತ್ತರ ಬರೆಯದ ಅಕ್ಕನನ್ನು ನೀನು ಏನೇನು ಬೈದುಕೊಂಡಿದ್ದೀಯೋ, ಅದಕ್ಕೆಲ್ಲ ನಾನು ತಕ್ಕವಳೇ. ಮೇಲಿನ ಹುಲ್ಲುಗಾವಲಿನ ಕೆಲಸವಿತ್ತು, ಆಮೇಲೆ ಕಾಡಿನಲ್ಲಿ ಉದುರಿದ ಪೆವೆನ್ ಬೀಜ ಆರಿಸುವುದಿತ್ತು ಎಂದು ನೆವ ಹೇಳಬಹುದಿತ್ತು. ನಿಜ ಏನೆಂದರೆ, ಬರೆಯಲು ಕೂತಾಗಲೆಲ್ಲ ಹಾಳೆ ಒಲೆಗೇ ಹೋಯಿತು. ಫೋನು ಮಾಡೋಣವೆಂದರೆ ಸಿಗ್ನಲ್ಲು ಸಿಗುವುದು ಚಿಕ್ಕಪ್ಪನ ಮನೆಯ ಹಿಂದಿನ ದಿಬ್ಬದಲ್ಲಿ. ಅಲ್ಲಿ ನಿಂತು ಆಡುವ ಮಾತು ಇದಲ್ಲ.

ನಿನ್ನ ಮಗಳ ಮುಂದಿನ ಹಲ್ಲು ಬಿದ್ದ ಸುದ್ದಿ ಕೇಳಿ ಅವ್ವ ತುಂಬ ನಕ್ಕಳು. ಅವ್ವನ ಮಂಡಿ ಇನ್ನೂ ಹಾಗೇ ಇದೆ, ಕೋಲಿಲ್ಲದೆ ನಡೆಯುವುದಿಲ್ಲ. ನಿನ್ನ ಭಾವ ಸೆಗುಂದೊ ಮಾಡಿನ ತಗಡು ಬದಲಿಸಿ ಮುಗಿಸಿದ. ಈ ಸಲ ಪೆವೆನ್ ಮರಗಳು ಕೈತುಂಬ ಕೊಟ್ಟಿವೆ. ಅಟ್ಟದಲ್ಲಿ ಕಾಲಿಡಲು ಜಾಗವಿಲ್ಲ, ಮನೆಯೆಲ್ಲ ಹಸಿ ಬೀಜದ ವಾಸನೆ.

ನೀನು ಬರೆದ ಇನ್ನೊಂದು ಸಂಗತಿಯನ್ನು ಓದಿ ಹೇಳುವಾಗ ಮಾತ್ರ ಅವ್ವ ಎದ್ದು ಹೊರಗೆ ಹೋದಳು. ಗಡಿಯಾಚೆ, ನಿಮ್ಮ ಕಡೆಯ ಸಪಾಲಾ ಊರಿನಾಚೆಯ ಯಾವುದೋ ಕುರಿ ಫಾರಮಿನಲ್ಲಿ ನಮ್ಮ ಅಪ್ಪನ ವಯಸ್ಸಿನ ಕುರುಬನೊಬ್ಬ ಇದ್ದಾನೆ, ಅಪ್ಪನ ಹಾಗೇ ಎಡಗೈಯಲ್ಲಿ ಉಣ್ಣೆ ಕತ್ತರಿಸುತ್ತಾನೆ, ರಜೆ ಸಿಕ್ಕೊಡನೆ ಹೋಗಿ ನೋಡಿ ಬರುತ್ತೇನೆ ಎಂದಿದ್ದೆಯಲ್ಲ, ಅದು. ಮುದುಕಿಗೆ ಇನ್ನೂ ಬಿಟ್ಟುಹೋದ ಗಂಡನ ಮೇಲಿನ ಸಿಟ್ಟು ಇಳಿದಿಲ್ಲ ಎಂದುಕೊಂಡೆ.

ಈಗ ಹಿಮೆನಾ ಎಂಬ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಾರ್ಚಿನಲ್ಲಿ ಬಂದಳು, ವಿಶ್ವವಿದ್ಯಾಲಯದವಳು. ಹೋದ ಚಳಿಗಾಲಕ್ಕೆ ಮುಂಚಿನ ಚಳಿಗಾಲದಲ್ಲಿ ಶಾಲೆಯ ಮೇಲಿನ ಇಳಿಜಾರು ಮರಗಳ ಸಮೇತ ಕುಸಿಯಿತಲ್ಲ, ಇನ್ನೆಲ್ಲಿ ಕುಸಿಯಬಹುದು ಎಂದು ಮಣ್ಣು ನೋಡಲು ಬಂದದ್ದಂತೆ. ನಾನು ನಂಬಲಿಲ್ಲ. ಪೈನ್ ತೋಪು ಹಾಕಿ ನೆಲ ನುಂಗಿದವರು ಕೆಳಗಿನ ಕಣಿವೆಗೆ ಮೊದಲು ಬಂದದ್ದೂ ಹೀಗೇ, ನಗುತ್ತ, ಮಕ್ಕಳಿಗೆ ಮಿಠಾಯಿ ಕೊಡುತ್ತ. ಸೆಗುಂದೊನಿಗೋ ಎಲ್ಲವೂ ತಮಾಷೆ. "ಮಣ್ಣೇ ಬೇಕಾದ್ರೆ ನನ್ ಬೂಟಲ್ಲಿ ಎರಡು ಸೇರು ಇದೆ, ತಗೊಂಡ್ ಹೋಗಕ್ಕೆ ಹೇಳು" ಎಂದ.

ಅವಳ ಮೇಲೆ ಒಂದು ಕಣ್ಣಿಡೋಣವೆಂದೇ ದಾರಿ ತೋರಿಸುವ ಕೆಲಸಕ್ಕೆ ಒಪ್ಪಿಕೊಂಡೆ. ದಿನವೂ ಕಾಡಿನೊಳಗೆ ಹೋಗಿ ತಿರುಪಿನಂಥ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ತಿರುಗಿಸಿ ಇಳಿಸುವಳು, ಅದರ ತುದಿಯಲ್ಲಿ ಬಂದ ಮಣ್ಣನ್ನು ಮೂಸುವಳು, ಉಜ್ಜುವಳು. ಒಮ್ಮೆ ನನ್ನ ಅಂಗೈಗೂ ಇಟ್ಟಳು. "ಉಜ್ಜಿ ನೋಡಿ ಅಕ್ಕ." ಒಣಗಿದಂತೆ ಕಾಣುತ್ತಿದ್ದ ಮಣ್ಣು ಉಜ್ಜಿದೊಡನೆ ಸೋಪಿನಂತೆ ಜಾರಿತು, ಬೆರಳ ಸಂದಿಯಲ್ಲಿ ನೀರು ಒಸರಿತು.

"ಬೆಟ್ಟ ಉಗುಳಿದ ಬೂದಿನೇ ಕೊಳೆತು ಹೀಗಾಗೋದು. ತನ್ನ ತೂಕಕ್ಕಿಂತ ಜಾಸ್ತಿ ನೀರು ಹಿಡ್ಕೊಂಡಿರುತ್ತೆ, ಹೊರಗೆ ತೋರಿಸಲ್ಲ" ಎಂದಳು.

"ನಮ್ ಜನಾನೂ ಹಂಗೇ" ಎಂದೆ. ಇಬ್ಬರೂ ನಕ್ಕೆವು. ಅಂದಿನಿಂದ ಅವಳ ಮೇಲಿನ ಅನುಮಾನ ಸ್ವಲ್ಪ ಸಡಿಲವಾಯಿತು.

ಅವಳು ಒಂದೆರಡು ಕಡೆ ಹೊಂಡವನ್ನೂ ತೋಡಿದಳು. ಹೊಂಡದ ಗೋಡೆಯಲ್ಲಿ, ಮೇಲಿನ ಎಲೆಕೊಳೆಗೂ ಕೆಳಗಿನ ಕಪ್ಪು ಮಣ್ಣಿಗೂ ನಡುವೆ, ಬೆರಳಗಲದ ಬಿಳಿಚಿದ ಗೆರೆ. ಮುಟ್ಟಿದರೆ ಗರಗರ. ನಾನು ಬಾಲ್ಯದಲ್ಲಿ ಕಂಡ ಬೂದಿ ಅದು, ಫ್ರೆಸಿಯಾ! ಆ ಕ್ರಿಸ್ಮಸ್ಸಿನಲ್ಲಿ ಬೆಟ್ಟ ಸಿಡಿದು ಬಿದ್ದದ್ದು. ನನಗೆ ಹನ್ನೆರಡು, ನಿನಗೆ ಎಂಟು. ಹಿಮವೆಂದು ನೀನು ನಾಲಿಗೆ ಚಾಚಿದ್ದೆ, ಅಪ್ಪ ಓಡಿಬಂದು ನಿನ್ನ ಬಾಯಿ ಒರೆಸಿದ್ದ. ಆಮೇಲೆ ದನ ಕುರಿಗಳು ಬೂದಿ ಮೆತ್ತಿದ ಹುಲ್ಲು ತಿಂದು, ಹಲ್ಲು ಸವೆದು, ಕಾಲು ಊದಿ ಒಂದೊಂದೇ ಬಿದ್ದವು. ಉಳಿದ ನಾಲ್ಕು ಕುದುರೆ ಹೊಡೆದುಕೊಂಡು ಅಪ್ಪ ಗಡಿಯಾಚೆ ಹೋದ, ಅಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿಕೊಂಡ ಎಂದು ಚಿಕ್ಕಪ್ಪ ಬಂದು ಹೇಳಿದ. ನೀನು ಅದನ್ನೇ ನಂಬಿ ಅವನನ್ನು ಹುಡುಕಿ ಹೋದೆ. ನಾನೂ ಅದನ್ನೇ ನಂಬಿ ಅವನನ್ನು ಶಪಿಸುತ್ತ ಇಲ್ಲೇ ಉಳಿದೆ.

ಒಂದು ದಿನ ಹಿಮೆನಾ ಚಿಕ್ಕಪ್ಪನ ಬೇಲಿಯ ಪಕ್ಕದ ಒಂಟಿ ಪೆವೆನ್ ಮರದ ಕೆಳಗೆ ಸಲಾಕೆ ಇಳಿಸಿದಳು. ಮೇಲೆತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. ಒಂದು ಹೆಜ್ಜೆ ಆಚೆ ಇಳಿಸಿದಳು, ಮತ್ತೊಂದು ಹೆಜ್ಜೆ ಈಚೆ.

"ಇಲ್ಲಿ ಗೆರೆ ಇಲ್ಲ ಅಕ್ಕ. ಸುತ್ತ ಎಲ್ಲಾ ಕಡೆ ಇದೆ, ಇಷ್ಟುದ್ದ ಮಾತ್ರ ಇಲ್ಲ. ಬೂದಿ ಕಪ್ಪು ಮಣ್ಣಲ್ಲಿ ಕಲಸಿಹೋಗಿದೆ."

"ಅಂದ್ರೆ?"

"ಬೂದಿ ಬಿದ್ದ ಮೇಲೆ ಯಾರೋ ಇಲ್ಲಿ ಅಗೆದು ಮುಚ್ಚಿದಾರೆ. ಆಳವಾಗೇ ಅಗೆದಿದಾರೆ." ಅವಳು ಬೆತ್ತದಿಂದ ನೆಲದ ಮೇಲೆ ಅಂಚು ಎಳೆದು ತೋರಿಸಿದಳು. ಒಬ್ಬ ಮನುಷ್ಯ ಕಾಲು ನೀಡಿ ಮಲಗುವಷ್ಟು ಉದ್ದವಿತ್ತು. ಅವಳಿಗದು ಹೊಳೆಯಲಿಲ್ಲವೋ, ಹೊಳೆದೂ ಹೇಳಲಿಲ್ಲವೋ ಗೊತ್ತಿಲ್ಲ. ಸಲಾಕೆ ಒರೆಸಿಕೊಂಡು ಮುಂದೆ ನಡೆದಳು.

ಸಂಜೆ ಚಿಕ್ಕಪ್ಪ ಒಂದು ಚೀಲ ಬೀಜ ಹೊತ್ತು ಬಂದ. ನಮ್ಮ ಅಟ್ಟ ತುಂಬಿದ್ದು ಅವನಿಗೆ ಗೊತ್ತಿಲ್ಲವೇ? ಯೆರ್ಬಾ ಕಷಾಯ ಹೀರುತ್ತ ಅದೂ ಇದೂ ಮಾತಾಡಿ, ಬಟ್ಟಲು ನನ್ನ ಕೈಗೆ ಕೊಡುವಾಗ ಕೇಳಿದ, "ಆ ಮಣ್ಣಿನ ಹುಡುಗಿ ಬೇಲಿ ಹತ್ರ ಏನ್ ಹುಡುಕ್ತಿದ್ಳು?"

"ಮಣ್ಣು" ಎಂದೆ.

"ಅಲ್ಲಿ ನೆಲ ಪೊಳ್ಳು. ಕಾಲು ಹೂತುಹೋಗುತ್ತೆ. ಬೇರೆ ಕಡೆ ಕರ್ಕೊಂಡ್ ಹೋಗು."

ಮರುದಿನ ಹೋಗಿ ನೋಡಿದರೆ ಸಲಾಕೆಯ ತೂತುಗಳು ಮುಚ್ಚಿದ್ದವು, ಮೇಲೆ ಕಲ್ಲು ಹೇರಿದ್ದರು. ನೇರ ಮನೆಗೆ ಬಂದೆ. ಅವ್ವನನ್ನು ಕೇಳಿದೆ. ಅವಳು ಬೀಜ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಸತ್ತ ಕುರಿ ಹೂತಿದ್ದು" ಎಂದಳು. ಸತ್ತ ಕುರಿಗಳನ್ನೆಲ್ಲ ಕೊರಕಲಿಗೆ ಎಳೆದು ಹಾಕಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿಲ್ಲವೇ?

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಹಿಂದಿನದೆಲ್ಲ ಬೇರೆಯೇ ಬಣ್ಣದಲ್ಲಿ ಕಾಣತೊಡಗಿತು. ಅಪ್ಪ ಹೋದುದನ್ನು ಕಂಡವನು ಚಿಕ್ಕಪ್ಪನೊಬ್ಬನೇ. ಅಪ್ಪನ ಪಾಲಿನ ತೋಪನ್ನು ನೋಡಿಕೊಂಡವನು ಅವನೇ. ಮದುವೆಯಾಗದೆ ಉಳಿದ, ನಮ್ಮ ಮನೆಯಲ್ಲೇ ಉಂಡ. ಆ ಒಂಟಿ ಮರದ ಕೆಳಗೆ ಉದುರಿದ ಬೀಜವನ್ನು ಅವ್ವ ಒಂದು ವರ್ಷವೂ ಆರಿಸಿದ್ದಿಲ್ಲ, ನಮಗೂ ಆರಿಸಲು ಬಿಟ್ಟಿದ್ದಿಲ್ಲ. ಅವನು ಬಾಗಿಲಿಗೆ ಬಂದರೆ ಅವ್ವ ಅವನ ಮುಖ ನೋಡುವ ರೀತಿ, ಅವನು ಅವ್ವನಿಗೆ ಬಟ್ಟಲು ದಾಟಿಸುವ ರೀತಿ, ಎಲ್ಲವನ್ನೂ ಕಳ್ಳಿಯಂತೆ ಗಮನಿಸಿದೆ. ಅವ್ವನ ಬಗ್ಗೆ ಏನು ಯೋಚಿಸಿದೆನೆಂದು ಬರೆಯಲು ಕೈ ಬರುತ್ತಿಲ್ಲ. ಸೆಗುಂದೊನಿಗೆ ಹೇಳಿದರೆ, "ನಿಂಗೆ ತಲೆ ಕೆಟ್ಟಿದೆ ಎರ್ಮಿನಿಯಾ. ಆ ಮನುಷ್ಯ ಕೋಳಿ ಕುಯ್ಯಬೇಕಾದ್ರೂ ನನ್ನ ಕರೀತಾನೆ" ಎಂದ.

ಈಸ್ಟರ್ ಕಳೆದ ಮೇಲೆ ಚಿಕ್ಕಪ್ಪ ದನ ಇಳಿಸಿಕೊಂಡು ಬರಲು ಮೇಲಿನ ಹುಲ್ಲುಗಾವಲಿಗೆ ಹೋದ. ಅವನ ನಾಯಿ ಬೊಗಳುವ ಸದ್ದು ಕಾಡಿನಲ್ಲಿ ಕರಗುವವರೆಗೆ ಕಾದು, ಸನಿಕೆ ಎತ್ತಿಕೊಂಡು ಹೋದೆ. ನೆಲದ ಮೇಲೆ ಇಬ್ಬನಿ ಸೂಜಿಸೂಜಿಯಾಗಿ ಹೆಪ್ಪುಗಟ್ಟಿತ್ತು. ಅದರ ಕೆಳಗೆ ಮಣ್ಣು ಹಿಟ್ಟಿನಂತೆ ಹಗುರ, ಬೂದಿಯ ಚೂರುಗಳು ಎಲ್ಲೆಂದರಲ್ಲಿ ಕಲಸಿದ್ದವು. ಸೊಂಟದಾಳಕ್ಕೆ ಬಂದಾಗ ಉಣ್ಣೆ ಸಿಕ್ಕಿತು. ಕೈಯಿಂದ ಮಣ್ಣು ಸರಿಸಿದೆ. ಕಪ್ಪು ಪೊಂಚೊ, ಅಂಚಿನಲ್ಲಿ ಬಿಳಿ ಮೆಟ್ಟಿಲು ಮೆಟ್ಟಿಲಾದ ನೇಯ್ಗೆ. ಅವ್ವ ನೇಯ್ದದ್ದು. ಅದನ್ನು ಹೊದ್ದು ಅಪ್ಪ ಕುದುರೆ ಏರುತ್ತಿದ್ದುದು ನಿನಗೆ ನೆನಪಿರಬೇಕು. ಅದರ ಒಳಗೆ ಅವನಿದ್ದ, ಫ್ರೆಸಿಯಾ. ಕಾಲು ಜೋಡಿಸಿ, ತಲೆ ಪೂರ್ವಕ್ಕೆ ಇಟ್ಟು ಮಲಗಿಸಿದ್ದರು.

ಹೀಗೆ ಕಾಗದದಲ್ಲಿ ಹೇಳಿದ್ದಕ್ಕೆ ಕ್ಷಮಿಸು, ತಂಗಿ. ಒಂದು ಗಳಿಗೆ ಕಾಗದ ಕೆಳಗಿಡು, ಆಮೇಲೆ ಮುಂದೆ ಓದು.

ಎಷ್ಟು ಹೊತ್ತು ಆ ಹೊಂಡದಲ್ಲಿ ಕೂತಿದ್ದೆನೋ, ತಲೆ ಎತ್ತಿದರೆ ಚಿಕ್ಕಪ್ಪ ಅಂಚಿನಲ್ಲಿ ನಿಂತಿದ್ದ. ದನಗಳು ಅವನ ಹಿಂದೆ ಮೇಯುತ್ತಿದ್ದವು.

"ಕೊಂದ್ಯಲ್ಲೋ! ಒಡಹುಟ್ಟಿದೋನ್ನ ಕೊಂದು ನಮ್ಮನೇಲೇ ಕೂತು ಉಂಡ್ಯಲ್ಲೋ!" ಎಂದು ಕಿರುಚಿದೆ.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಮೇಲೆ ಬಾ ಮಗಳೇ. ಚಳಿ ಇದೆ" ಎಂದ. ನನ್ನ ಕಿರುಚಾಟ ಕೇಳಿ ಅವ್ವ ಕೋಲೂರಿಕೊಂಡು ಹತ್ತಿ ಬಂದಳು. ಉತ್ತರ ಬಂದದ್ದು ಅವಳ ಬಾಯಿಂದ.

"ಅವನ್ನ ಬೈಬೇಡ. ನಿಮ್ಮಪ್ಪ ತಾನೇ ಹೋದ. ಬೂದಿ ಬಿದ್ದ ಮೇಲೆ ಮಾತು ಬಿಟ್ಟಿದ್ದ, ಒಲೆ ಮುಂದೆ ಕೂತ್ರೆ ಕೂತೇ ಇರ್ತಿದ್ದ. ಮೇಲಿನ ಹುಲ್ಲುಗಾವಲಲ್ಲಿ ಕೊನೇ ಕುದುರೇನೂ ಸತ್ತ ದಿನ ಊಟ ಮಾಡ್ದ, ಕೈ ತೊಳ್ಕೊಂಡ, ಎದ್ದು ಹೋದ. ಬೆಳಗ್ಗೆ ಇವನಿಗೆ ಈ ಮರದಲ್ಲಿ ಸಿಕ್ದ."

"ಹಂಗಾದ್ರೆ ಮುಚ್ಚಿಟ್ಟಿದ್ದು ಯಾಕೆ?"

"ಪೊಲೀಸ್ರು ಪೇಟೆಗೆ ಒಯ್ದು ಕುಯ್ತಿದ್ರು. ಪ್ರಾರ್ಥನೆ ಮನೆಯೋರು ಬಾಗಿಲು ಹಾಕ್ತಿದ್ರು. ಶಾಲೇಲಿ ನಿಮ್ಮನ್ನ ಏನಂತ ಕರೀತಿದ್ರು? ಗಂಡ ಇನ್ನೊಬ್ಬಳ ಹಿಂದೆ ಹೋದ ಅಂದ್ರೆ ಜನ ನಗ್ತಾರೆ. ನಕ್ರೆ ನಗಲಿ ಅಂದೆ."

ನಾನು ನಂಬಲಿಲ್ಲ. ಅವ್ವನ ಪ್ರತಿ ಮಾತಿಗೂ ಚಿಕ್ಕಪ್ಪ ತಲೆಯಾಡಿಸುತ್ತಿದ್ದ, ಎಲ್ಲವೂ ಅಷ್ಟು ಚೆನ್ನಾಗಿ ಹೊಂದುತ್ತಿತ್ತು, ಅದೇ ನನಗೆ ಅನುಮಾನ. ಇಷ್ಟು ವರ್ಷ ಸುಳ್ಳು ಹೇಳಿದವರು ಇದೊಂದನ್ನು ನಿಜ ಹೇಳುತ್ತಾರೆಯೇ? ಹಾಗೆಯೇ ಚಿಕ್ಕಪ್ಪನ ಮುಖಕ್ಕೆ ಹೇಳಿದೆ. "ನಂಬಿಕೆ ಇಲ್ದಿದ್ರೆ ಪೊಲೀಸ್ರನ್ನ ಕರಿ" ಎಂದ ಮೆಲ್ಲಗೆ. ಅವನ ಮನೆಯ ಹಿಂದಿನ ದಿಬ್ಬ ಹತ್ತಿ ಕರೆದೆ.

ಅವರು ಬಂದರು. ಅಪ್ಪನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದರು, ಚಿಕ್ಕಪ್ಪನನ್ನು ಜೀಪಿನ ಹಿಂದೆ ಕೂರಿಸಿಕೊಂಡು ಹೋದರು. ಇಡೀ ಕಣಿವೆ ಬೇಲಿಯುದ್ದಕ್ಕೂ ನಿಂತು ನೋಡಿತು. ಎಪ್ಪತ್ತು ದಾಟಿದ ಮನುಷ್ಯ, ಹತ್ತಲು ಆಗದೆ ಪೊಲೀಸಿನವನ ಭುಜ ಹಿಡಿದುಕೊಂಡ. ಪೇಟೆಯ ಡಾಕ್ಟರು ನೋಡಿ ಹೇಳಿದರು: ಹೊಡೆತದ ಗುರುತಿಲ್ಲ, ಗುಂಡಿನ ಗುರುತಿಲ್ಲ, ಕೈ ಕಟ್ಟಿದ ಗುರುತೂ ಇಲ್ಲ; ಕೊರಳೆಲುಬು ಅವ್ವ ಹೇಳಿದ್ದನ್ನೇ ಹೇಳುತ್ತಿದೆ. ಚಿಕ್ಕಪ್ಪನನ್ನು ಬಿಟ್ಟರು. ಅವನು ಊರಿಗೆ ಬಂದವನು ನಮ್ಮ ಮನೆಯ ಮುಂದೆಯೇ ಹಾದು ತನ್ನ ಮನೆಗೆ ಹೋದ. ಅಂದಿನಿಂದ ನಮ್ಮಲ್ಲಿ ಉಂಡಿಲ್ಲ. ಕೆಂಡದ ಬೂದಿಯಲ್ಲಿ ಬೇಯಿಸಿದ ರೊಟ್ಟಿ ಕಟ್ಟಿಕೊಂಡು ಹೋಗಿ ಅವನ ಬಾಗಿಲಲ್ಲಿ ನಿಂತೆ. ತೆಗೆದುಕೊಂಡ, "ಅವ್ವನ ಮಂಡಿ ಹೇಗಿದೆ" ಎಂದು ಕೇಳಿದ, ಒಳಗೆ ಕರೆಯಲಿಲ್ಲ. ಕೇಡು ಮಾಡಿದವನೆಂದು ಅವನನ್ನು ನೋಡುವುದು ಸುಲಭವಾಗಿತ್ತು, ಈಗ ಕಣ್ಣೆತ್ತಿ ನೋಡುವುದು ಕಷ್ಟ.

ಹಿಮೆನಾ ಹೋಗುವ ಮೊದಲು ಬಂದು ನನ್ನ ಕೈ ಹಿಡಿದು ಅತ್ತಳು. ತಾನು ಬಾರದಿದ್ದರೆ ಚೆನ್ನಾಗಿತ್ತೇನೋ ಎಂದಳು. ಇಲ್ಲ ಎಂದೆ. ನಮ್ಮ ಮನೆಯ ಮೇಲಿನ ಇಳಿಜಾರು ಸದ್ಯಕ್ಕೆ ಗಟ್ಟಿಯಾಗಿದೆಯಂತೆ, ಮರ ಕಡಿಯಬೇಡಿ ಎಂದು ಹೇಳಿ ಹೋದಳು.

ಅಪ್ಪನನ್ನು ಮೇ ಎರಡನೇ ವಾರದಲ್ಲಿ ನಮ್ಮ ಕೈಗೆ ಕೊಡುತ್ತಾರೆ. ಅಂಚೆಯಲ್ಲಿ ತಡವಾದೀತೆಂದು ಈ ಕಾಗದವನ್ನು ನಾಳೆ ಘಟ್ಟ ದಾಟುವ ಲಾರಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ಸಲ ಎಲ್ಲರೆದುರು, ಪೆವೆನ್ ಬೀಜದ ಮದ್ಯ ಚಾವಿಯನ್ನು ಬಂದವರಿಗೆಲ್ಲ ಕುಡಿಸಿ, ನಮ್ಮ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡೋಣ. ಹಿಮ ಬಿದ್ದು ಘಟ್ಟದ ದಾರಿ ಮುಚ್ಚುವ ಮೊದಲು ಗಂಡನನ್ನೂ ಮಗುವನ್ನೂ ಕರೆದುಕೊಂಡು ಬಾ. ಆ ಕುರಿ ಫಾರಮಿಗೆ ಹೋಗಬೇಡ. ಹೋಗಿ ಬಂದಿದ್ದರೆ, ಆ ಎಡಗೈಯ ಮುದುಕ ಯಾರೇ ಆಗಿರಲಿ, ಅವನೂ ತಣ್ಣಗಿರಲಿ.

ಹುಟ್ಟುವ ಸೂರ್ಯನ ಕಡೆ ಮುಖ ಮಾಡಿ ದಿನವೂ ನಿನ್ನ ಹೆಸರು ಹೇಳುತ್ತೇನೆ. ನಿನ್ನ ಒಲೆ ಆರದಿರಲಿ, ನಿನ್ನ ಮಗಳು ಎತ್ತರಕ್ಕೆ ಬೆಳೆಯಲಿ.

ನಿನ್ನ ಅಕ್ಕ,
ಎರ್ಮಿನಿಯಾ

ಮರೆತಿದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಗಿಟ್ಟದ್ದು: ನೀನು ಹತ್ತೊಂಬತ್ತಕ್ಕೆ ಅಪ್ಪನನ್ನು ಹುಡುಕಿ ಹೊರಟ ದಿನ ಅವ್ವನೇ ನಿನ್ನ ಬುತ್ತಿ ಕಟ್ಟಿದಳು, ಘಟ್ಟದ ಬುಡದವರೆಗೆ ಬಂದು ನಿನ್ನನ್ನು ಲಾರಿ ಹತ್ತಿಸಿದಳು. ಅವನು ಬೇಲಿಯ ಪಕ್ಕ ಮಲಗಿದ್ದಾನೆಂದು ಗೊತ್ತಿದ್ದೂ. ಇದನ್ನು ಮಾತ್ರ ನಾನು ಕ್ಷಮಿಸಲಾರೆ ಎಂದು ನಿನ್ನೆ ಅವಳಿಗೆ ಹೇಳಿದೆ. ಅದಕ್ಕೆ ಅವಳು ಹೇಳಿದಳು: "ಆ ಚಳಿಗಾಲ ಪೂರ್ತಿ ಫ್ರೆಸಿಯಾ ಒಲೆ ಮುಂದೆ ಅವಳಪ್ಪ ಕೂತ ಹಾಗೇ ಕೂತಿದ್ಳು. ನಾನ್ ಏನ್ ಕೇಳಿದ್ರೂ ಮಾತಿಲ್ಲ. ನೀನಾದ್ರೂ ಅಪ್ಪನ್ನ ಬೈತಿದ್ದೆ, ನಿನ್ನ ಬಗ್ಗೆ ಭಯ ನನಗಿರಲಿಲ್ಲ. ಒಂದಿನ ಎದ್ದು, ಅಪ್ಪನ್ನ ಹುಡುಕ್ಕೊಂಡ್ ಹೋಗ್ತೀನಿ ಅಂದ್ಳು. ಆಗ ಅವಳ ಮುಖದಲ್ಲಿ ರಕ್ತ ಬಂತು. ಅವನು ಇಲ್ಲೇ ಇದಾನೆ ಅಂತ ನಾನು ಹೇಗೆ ಹೇಳ್ಲಿ?" ಇದನ್ನು ನಿನಗೆ ಬರೆಯಬೇಡ ಎಂದಿದ್ದಳು. ಈಗ ತಾನೇ ಬಂದು ಪಕ್ಕದಲ್ಲಿ ಕೂತಿದ್ದಾಳೆ, ಓದಲು ಬಾರದಿದ್ದರೂ ಹಾಳೆಯನ್ನೇ ನೋಡುತ್ತಿದ್ದಾಳೆ. "ಬರೆದ್ಯಾ?" ಎಂದು ಕೇಳಿದಳು. ಬರೆದೆ ಎಂದೆ. "ಬಂದು ಬೈಲಿ, ಬೇಕಾದ್ರೆ ಹೊಡೀಲಿ. ಸುಮ್ನೆ ಮಾತ್ರ ಕೂರ್ಬೇಡ ಅಂತ ಬರಿ" ಎನ್ನುತ್ತಿದ್ದಾಳೆ.