ಚಾರ್ಜ್ ಪಟ್ಟಿಯಲ್ಲಿ ಇಲ್ಲದ ನಲವತ್ತಮೂರು ಮಕ್ಕಳು

ಇಸವಿ 2171, ಕಾವುತಿಂಗಳು 9
ಕರಿಗುಡ್ಡ ಜಂಕ್ಷನ್

ನೂರೈವತ್ತು ವರ್ಷ ಹಿಂದೆ ಕೂತಿರುವ ನಮ್ಮ ಹಿರಿಯರಿಗೆ,

ಕಾವುತಿಂಗಳು ನಿಮಗೆ ಗೊತ್ತಿರಲಿಕ್ಕಿಲ್ಲ. ಬಿಸಿಲು ಮುಗಿಯುವುದೇ ಇಲ್ಲವಾದಾಗ ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ಕ್ಷಮಿಸಲಾಗದಿದ್ದರೂ ಓದಿ. ನಾನು ಗುರುಬಾಯಿ ಹಡಪದ, ವಯಸ್ಸು ಎಪ್ಪತ್ತೊಂದು. ಈ ಊರಿನ ರೈಲ್ವೆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಟೀಚರ್ ಆಗಿದ್ದೆ. ನಾಳೆ ಬೆಳಗ್ಗೆ ನಾನೊಂದು ಕಾಗದಕ್ಕೆ ಸಹಿ ಹಾಕಬೇಕು. ಅದಕ್ಕೂ ಮುಂಚೆ ನಡೆದದ್ದನ್ನು ಯಾರಿಗಾದರೂ ಹೇಳಿಬಿಡಬೇಕು. ಇಲ್ಲಿ ಯಾರನ್ನೂ ನಂಬುವ ಹಾಗಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಶಾಲೆ ಬೆಳಗಿನ ಐದಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಹತ್ತರಿಂದ ನಾಲ್ಕರವರೆಗೆ ಬಾಗಿಲುಹೊತ್ತು, ಅಂದರೆ ಕಾನೂನಿನ ಪ್ರಕಾರ ಯಾರೂ ಹೊರಗೆ ಕಾಲಿಡುವಂತಿಲ್ಲ. ಮಕ್ಕಳು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ, ಪಾಠಕ್ಕಿಂತ ಮೊದಲು ಒಂದೊಂದು ಲೋಟ ಅಂಬಲಿ ಕುಡಿಯುತ್ತಾರೆ. ಪ್ರತಿ ಮಗುವಿನ ಮುಂಗೈಯಲ್ಲಿ ಕಲಿಕೆಮಣಿ ಇರುತ್ತದೆ. ಜೋಳದ ಕಾಳಿನಷ್ಟು ದಪ್ಪದ ಆ ಮಣಿಯಲ್ಲಿ ಮಗು ಯಾವ ತರಗತಿ ಪಾಸಾಗಿದೆ ಎನ್ನುವುದೆಲ್ಲ ದಾಖಲಾಗಿರುತ್ತದೆ. ಮಣಿ ಹಸಿರಾಗಿ ಬೆಳಗಿದರೆ ಮುಂದಿನ ಶಾಲೆ, ಮುಂದಿನ ಕೆಲಸ. ಬೆಳಗದಿದ್ದರೆ ನೀವು ಓದಿಯೇ ಇಲ್ಲ.

ನಾನು ಟೀಚರ್ ಆಗಿದ್ದಾಗ ದೇಶದ ಶಾಲೆಗಳೆಲ್ಲ ದಿಲ್ಲಿಯ ಕೈಯಲ್ಲಿದ್ದವು. 2157ರಲ್ಲಿ ಅವುಗಳನ್ನು ರಾಜ್ಯಗಳಿಗೆ ಬಿಟ್ಟುಕೊಡುವ ತೀರ್ಮಾನವಾಯಿತು. ಊರಲ್ಲಿ ಹಲಗೆ ಬಡಿದು ಕುಣಿದರು. ಕುಣಿಯಲು ಕಾರಣವೂ ಇತ್ತು, ಇಲ್ಲ ಅನ್ನುವುದಿಲ್ಲ. ಹಿಮ ಹೇಗಿರುತ್ತದೆಂದು ನಾನೇ ನೋಡಿಲ್ಲ, ಅಂಥದ್ದರಲ್ಲಿ ದಿಲ್ಲಿಯ ಪುಸ್ತಕ ಹಿಡಿದು ಎರಡನೇ ತರಗತಿಗೆ ಹಿಮದ ಪಾಠ ಮಾಡುತ್ತಿದ್ದೆ. ಆದರೂ ನನಗೆ ಸಮಾಧಾನವಾಗಲಿಲ್ಲ. ಕೊಡುವವರೂ ನಗುತ್ತಿದ್ದರು, ತೆಗೆದುಕೊಳ್ಳುವವರೂ ನಗುತ್ತಿದ್ದರು. ಅಷ್ಟು ವರ್ಷ ಬಿಗಿಯಾಗಿ ಹಿಡಿದಿದ್ದನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಕೈ ನೋಯುತ್ತಿರಬೇಕು, ಇಲ್ಲವೇ ಅದರಲ್ಲಿ ಹುರುಳಿಲ್ಲ ಎಂದು ಗೊತ್ತಾಗಿರಬೇಕು. ಹೀಗೆಂದಾಗ ಪಕ್ಕದ ಮನೆಯವರು, "ನಿಮ್ಗ ಎಲ್ಲಾದ್ರಾಗೂ ಸಂಶೆನೇ ಬಿಡ್ರಿ ಟೀಚರ್" ಎಂದು ನಕ್ಕರು.

ಶಾಲೆ ಕೈ ಬದಲಾಗುವಾಗ ಚಾರ್ಜ್ ಪಟ್ಟಿ ಬರೆಯುವುದು ಪದ್ಧತಿ. ನಿಮ್ಮ ಕಾಲದಲ್ಲೂ ಇತ್ತಂತೆ. ಇರುವ ಸಾಮಾನನ್ನೆಲ್ಲ ಬರೆದು, ಕೊಡುವವರು ಒಂದು ಸಹಿ, ತೆಗೆದುಕೊಳ್ಳುವವರು ಒಂದು ಸಹಿ. ಪಟ್ಟಿಯಲ್ಲಿ ಇಲ್ಲದ್ದು ಕಚೇರಿಯ ಪಾಲಿಗೆ ಲೋಕದಲ್ಲೇ ಇಲ್ಲ. ನಮ್ಮ ಹೆಡ್‌ಮಾಸ್ತರ ಅಡಿವೆಪ್ಪನವರ ಕಣ್ಣು ಮಂಜಾಗಿತ್ತು, ಹಾಗಾಗಿ ಬರೆಯುವ ಕೆಲಸ ನನಗೆ ಬಂತು. ಬೆಂಚು ಇಪ್ಪತ್ತೆರಡು, ಕಂಚಿನ ಗಂಟೆ ಒಂದು, ಭೂಪಟ ಮೂರು, ಅದರಲ್ಲಿ ಹರಿದದ್ದು ಒಂದು. ಕಿವಿ ಮುರಿದ ಅಂಬಲಿ ಹಂಡೆಯನ್ನೂ ಬಿಡದೆ ಬರೆದೆ. ಕೊನೆಗೆ ಉಳಿದದ್ದು "ಇತರೆ" ಎನ್ನುವ ಒಂದು ಗೆರೆ. "ಸರ್, ಇಲ್ಲಿ ಮಕ್ಕಳ ಹೆಸರು ಬರೀಲೇನ್ರಿ?" ಎಂದು ಕೇಳಿದೆ.

ಅವರಿಗೆ ಸಿಟ್ಟು ನೆತ್ತಿಗೇರಿತು. "ಏನ್ ಮಾತಂತ ಆಡ್ತೀರಿ ಟೀಚರ್? ಮಕ್ಕಳೇನು ಸಾಮಾನೇನ್ರಿ? ಮುರುಕು ಹಂಡೇದ ಕೆಳಗ ಅವರ ಹೆಸರು ಬರೀತೀರೇನು?"

ನನಗೆ ನಾಚಿಕೆಯಾಯಿತು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನ ಮಾತು, ಇವತ್ತಿಗೂ ಹಾಗೇ ಅನ್ನಿಸುತ್ತದೆ. "ಇತರೆ"ಯ ಮುಂದೆ "ಇಲ್ಲ" ಎಂದು ಬರೆದೆ. ಎರಡು ಸರ್ಕಾರಗಳನ್ನು ಸಂಶಯದಿಂದ ನೋಡಿದ ನನಗೆ ಆ ಒಂದು ಗೆರೆಯ ಮೇಲೆ ಸಂಶಯ ಬರಲಿಲ್ಲ.

ಎರಡೂ ಕಡೆಯ ಸಹಿ ಬಿದ್ದ ಮರುದಿನ ನಲವತ್ತಮೂರು ಮಕ್ಕಳ ಮಣಿಗಳೂ ಆರಿದ್ದವು. ದಿಲ್ಲಿ, ಎಲ್ಲ ಒಪ್ಪಿಸಿಯಾಯಿತು ಎಂದಿತು. ರಾಜ್ಯ, ಪಟ್ಟಿಯಲ್ಲಿ ಇದ್ದದ್ದೆಲ್ಲ ಬಂದಿದೆ, ಮಕ್ಕಳು ಮಾತ್ರ ಬಂದಿಲ್ಲ ಎಂದಿತು. ಅಂಗಳದಲ್ಲಿ ನಿಂತಿದ್ದ ಮಕ್ಕಳನ್ನು ಕಣ್ಣಾರೆ ಕಂಡ ಅಧಿಕಾರಿಯೇ "ದಾಖಲಾತಿ ಸೊನ್ನೆ" ಎಂದು ಬರೆದುಕೊಂಡು ಹೋದ. ಮಕ್ಕಳಿಲ್ಲದ ಶಾಲೆಯನ್ನು ಮುಚ್ಚಬೇಕೆಂಬ ನಿಯಮ ಹಿಡಿದು ತಿಂಗಳೊಳಗೆ ನಮ್ಮದಕ್ಕೂ ಬೀಗ ಹಾಕಿದರು. ಬೇರೆ ಶಾಲೆಗೆ ಹೋದರೆ ಮತ್ತೆ ಒಂದನೇ ತರಗತಿಯಿಂದ ಶುರು ಮಾಡಿ ಎಂದರು. ಚಿಕ್ಕವರು ಹೋದರು, ಹೊಸ ಮಣಿ ಹಾಕಿಸಿಕೊಂಡರು, ಹಳೆಯದು ಆರಿದಂತೆಯೇ ಉಳಿಯಿತು. ಆಗಷ್ಟೇ ಏಳನೇ ತರಗತಿ ಪಾಸಾಗಿದ್ದ ಹುಸೇನಬಿ ಹೋಗಲಿಲ್ಲ. ಆರು ವರ್ಷದವರ ಜೊತೆ ಕೂರಲಾರೆ ಎಂದು ತಾಯಿಯ ಜೊತೆ ಹಳಿ ಗುಡಿಸುವ ಕೆಲಸಕ್ಕೆ ಹೋದಳು. ಆಗ ಅವಳಿಗೆ ಹನ್ನೆರಡು. ಲೆಕ್ಕದಲ್ಲಿ ಅವಳಷ್ಟು ಚುರುಕಾದ ಹುಡುಗಿಯನ್ನು ನಾನು ಕಂಡಿಲ್ಲ. ಅವಳು ಪೊರಕೆ ಹಿಡಿದದ್ದನ್ನು ನೋಡಿದ ದಿನವೇ ಕಚೇರಿಗೆ ಮೊದಲ ಅರ್ಜಿ ಬರೆದೆ.

ಈಗ ಅವಳಿಗೆ ಇಪ್ಪತ್ತಾರು. ಕಾಲುವೆಯ ನೀರನ್ನು ಹಂಚುವ ನೀರುಗಾವಲಿ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಏಳನೇ ತರಗತಿಯ ಮಣಿ ಬೆಳಗಬೇಕು, ಅಷ್ಟೇ. ದಾಖಲೆಯಲ್ಲೇ ಇಲ್ಲದವಳು ಆಯ್ಕೆಯಾದಳೆಂದರೆ ತಪ್ಪು ಯಾರದೆಂದು ಮೇಲಿನವರು ಕೇಳಿರಬೇಕು. ಹದಿನಾಲ್ಕು ವರ್ಷ ನಾನು ಬರೆದ ಅರ್ಜಿಗಳಿಗೆ ಉಸಿರೆತ್ತದ ಕಚೇರಿ ಹೋದ ವಾರ ತಾನಾಗಿ ಒಬ್ಬ ಅಧಿಕಾರಿಯನ್ನು ನನ್ನ ಮನೆಗೆ ಕಳಿಸಿತು. ಅವನು ತಂದ ಕಾಗದದಲ್ಲಿ ಹೀಗಿದೆ: ಉಭಯ ಸರ್ಕಾರಗಳಿಂದ ಯಾವ ಲೋಪವೂ ಆಗಿಲ್ಲ, ಮಕ್ಕಳ ಹೆಸರನ್ನು ನಾನೇ ಸ್ವಂತ ನಿರ್ಲಕ್ಷ್ಯದಿಂದ ಬಿಟ್ಟಿದ್ದೇನೆ. ಅಡಿವೆಪ್ಪನವರು ತೀರಿಕೊಂಡು ಎಂಟು ವರ್ಷವಾಯಿತು, ಉಳಿದವಳು ನಾನೊಬ್ಬಳೇ. ಸಹಿ ಹಾಕಿದರೆ ನಲವತ್ತಮೂರು ಮಣಿಗಳೂ ಬೆಳಗುತ್ತವಂತೆ. ಊರ ಬಾಗಿಲಿನ ಗುರುಕಲ್ಲಿನಿಂದ, ಅಂದರೆ ನಿವೃತ್ತ ಟೀಚರುಗಳ ಹೆಸರು ಕೆತ್ತುವ ಕಲ್ಲಿನಿಂದ, ನನ್ನ ಹೆಸರನ್ನು ಉಜ್ಜಿ ತೆಗೆಯುತ್ತಾರಂತೆ.

ಸುದ್ದಿ ಕೇಳಿ ಹುಸೇನಬಿ ಓಡಿ ಬಂದಳು. "ನನ್ನ ಸಲುವಾಗಿ ಸುಳ್ಳಿಗೆ ಸಹಿ ಮಾಡಬ್ಯಾಡ್ರಿ ಟೀಚರ್. ನಾ ಹಿಂಗೇ ಇರ್ತೀನಿ" ಎಂದು ನನ್ನ ಕೈ ಹಿಡಿದು ಅತ್ತಳು. ತರಗತಿಯಲ್ಲಿ ಅವಳು ಒಂದು ದಿನವೂ ನನ್ನ ಮಾತು ಕೇಳಿದವಳಲ್ಲ. ಈಗ ನಾನೂ ಅವಳ ಮಾತು ಕೇಳುವುದಿಲ್ಲ.

ಆದರೆ ಅಧಿಕಾರಿಗೆ ಒಂದು ಮಾತು ಹೇಳಿದ್ದೇನೆ. ನಲವತ್ತಮೂರು ಜನರೂ ನಾಳೆ ನನ್ನ ಅಂಗಳದಲ್ಲಿ ನಿಲ್ಲುತ್ತಾರೆ. ಮೊದಲು ಮಣಿಗಳು ಬೆಳಗಲಿ, ಆಮೇಲೆ ಸಹಿ. ಅವನು ತಕ್ಷಣ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಕಾಣಲಿಲ್ಲ, ಅದಕ್ಕೆ ಒಂದೊಂದು ಮಣಿಯನ್ನೂ ನಾನೇ ಮುಟ್ಟಿ ನೋಡುತ್ತೇನೆ.

ನಿಮ್ಮಲ್ಲೂ ಶಾಲೆಗಳು ದಿಲ್ಲಿಯಿಂದ ರಾಜ್ಯಕ್ಕೋ ರಾಜ್ಯದಿಂದ ದಿಲ್ಲಿಗೋ ಹೋಗುವ ದಿನ ಬರಬಹುದು. ಯಾರು ಗೆದ್ದರು ಎಂದು ನೋಡುತ್ತ ನಿಲ್ಲಬೇಡಿ. ಆ ಕಾಗದ ತರಿಸಿ, ಮಕ್ಕಳು ಯಾವ ಪುಟದಲ್ಲಿದ್ದಾರೆ ಎಂದು ಕೇಳಿ, ಬೆರಳಿಟ್ಟು ತೋರಿಸುವವರೆಗೆ ಬಿಡಬೇಡಿ.

ನಾಳೆಯಿಂದ ಎಲ್ಲ ದಾಖಲೆಗಳಲ್ಲೂ ನಾನು ಮಕ್ಕಳನ್ನು ಮರೆತ ಟೀಚರ್. ನೀವು ಹಾಗೆ ಅಂದುಕೊಳ್ಳಬೇಡಿ.

ಗುರುಬಾಯಿ ಹಡಪದ