ಹನುಮಪ್ಪ ಬೇಡವೆಂದ ಜಾಗ

ಸಿಯಾಟಲ್
೧೮ ಏಪ್ರಿಲ್ ೨೦೦೪

ನನ್ನ ಜಗಳಗಂಟಿ ಅವ್ವನಿಗೆ, ಸ್ವಪ್ನಾಳ ನಮಸ್ಕಾರ.

ಗೆದ್ದೆ ನೋಡು ನೀನು! ನನ್ನ ಜಾಗ ಬಿದ್ದುಹೋಯಿತು. ಅಂಟಾರ್ಕ್ಟಿಕದ ಹಿಮವನ್ನು ಎಲ್ಲಿ ಆಳಕ್ಕೆ ಕೊರೆಯಬೇಕೆಂದು ಮೊನ್ನೆ ಬುಧವಾರ ನಮ್ಮ ಯೂನಿವರ್ಸಿಟಿಯಲ್ಲಿ ಸಭೆಯಿತ್ತು. ಕೊನೆಗೆ ಉಳಿದದ್ದು ಎರಡೇ ಜಾಗ. ಒಂದು ನಾನು ವರ್ಷಗಟ್ಟಲೆ ಹುಡುಕಿದ್ದು. ಅದು ಆಯ್ಕೆಯಾದರೆ ನಾನು ಹಿಮಕ್ಕೆ ಹೊರಡುವುದು ಖಚಿತವಿತ್ತು. ಅದಕ್ಕೇ ತಾನೆ ನೀನು, ಆ ಜಾಗ ಬೇಡವಾಗಲಿ ಎಂದು ನಮ್ಮ ಓಣಿಯ ಹನುಮಪ್ಪನಿಗೆ ವೀಳ್ಯದ ಎಲೆಪೂಜೆಯ ಹರಕೆ ಹೊತ್ತದ್ದು? ಸ್ಮಿತಕ್ಕ ಫೋನಿನಲ್ಲಿ ಎಲ್ಲ ಹೇಳಿದಳು. ಅಲ್ಲಿ ಮನಿ ಇಲ್ಲ, ಮಂದಿ ಇಲ್ಲ, ಈಕಿ ಯಾರ ಸಲುವಾಗಿ ಹೊಂಟಾಳ ಅಂದೆಯಂತೆ. ದೇವರಿಗೂ ಲಂಚವೇ ಅವ್ವ!

ಆದರೆ ಕೀರ್ತಿಯೆಲ್ಲ ಹನುಮಪ್ಪನಿಗೆ ಕೊಡಬೇಡ. ಜಾಗವನ್ನು ಕೆಡವಿದ್ದು ನಾನೇ. ಹಿಮ ಅಲ್ಲಿ ವರ್ಷಕ್ಕೊಂದು ಪದರವಾಗಿ, ನೀನು ಬುಟ್ಟಿಯಲ್ಲಿ ಜೋಡಿಸುವ ಖಡಕ್ ರೊಟ್ಟಿಯ ಹಾಗೆ, ಒಂದರ ಮೇಲೊಂದು ಕೂತಿರುತ್ತದೆ. ಎಲ್ಲಕ್ಕಿಂತ ಅಡಿಯದರಲ್ಲಿ ಬಲು ಹಳೆಯ ಕಾಲದ ಗಾಳಿ ಸಿಕ್ಕಿಕೊಂಡಿರುತ್ತದೆ. ನಮಗೆ ಬೇಕಾದದ್ದು ಅದೇ. ಸಭೆಗೆ ಮುಂಚೆ ರೇಡಾರ್ ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ನನ್ನ ಜಾಗದಲ್ಲಿ ಪದರಗಳೆಲ್ಲ ಕೆಳಕ್ಕೆ ಕುಸಿದಿದ್ದವು. ಭೂಮಿಯ ಕಾವಿಗೆ ತಳದ ಹಿಮ ಕರಗುತ್ತಿದೆ, ಹಳೆಯ ಪದರಗಳು ನೀರಾಗಿ ಹೋಗಿವೆ. ಬೇರೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಯಾರರ ಕೇಳಿದ್ರ ಹೇಳು, ಇಲ್ಲಾಂದ್ರ ಸುಮ್ನಿರು ಅಂದರು ನಿನ್ನ ಅಳಿಯಂದಿರು. ನನ್ನಿಂದಾಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಎರಡನೆಯ ಜಾಗ ಗೆದ್ದಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ? ಮರುದಿನ ಇವರು ಕರ್ಕ್‌ಲ್ಯಾಂಡಿನ ಆಫೀಸಿಗೆ ರಜೆ ಹಾಕಿ ನನಗಾಗಿ ಉಪ್ಪಿಟ್ಟು ಮಾಡಿದರು. ಉಪ್ಪನ್ನೇ ಮರೆತಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಪೂರ್ತಿ ತಿಂದೆ. ಈಗ ಆರಾಮಾಗಿದ್ದೇನೆ.

ಎಲೆಪೂಜೆ ಮಾಡಿಸಿಬಿಡು. ಹರಕೆ ಹೊತ್ತ ಮೇಲೆ ತಪ್ಪಬಾರದು.

ನಿನ್ನ ಮೊಂಡ ಮಗಳು,
ಸ್ವಪ್ನಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ಗೆದ್ದ ತಂಡದವರು ನಿನ್ನೆ ನನ್ನನ್ನು ಕರೆದರು. ತನ್ನ ಜಾಗದ ದೋಷವನ್ನೇ ಎತ್ತಿ ಹೇಳಿದವಳು ನಮ್ಮ ಜೊತೆ ಬರಲಿ ಎಂದರು. ಇವರನ್ನೂ ಕೇಳದೆ ಹೂಂ ಅಂದುಬಿಟ್ಟೆ. ನವೆಂಬರಿನಲ್ಲಿ ಹೊರಡುತ್ತೇನೆ. ಹನುಮಪ್ಪನದೇನೂ ತಪ್ಪಿಲ್ಲ, ನೀನು ಜಾಗ ಬೇಡವೆಂದು ಬೇಡಿಕೊಂಡೆ, ಮಗಳು ಹೋಗಬಾರದೆಂದು ಬೇಡಿಕೊಳ್ಳಲಿಲ್ಲ. ಬೈಯುವುದಿದ್ದರೆ ಫೋನಿನಲ್ಲಿ ಬೈ. ಆದರೆ ಅವ್ವ, ನನಗೂ ಹೆದರಿಕೆಯಾಗಿದೆ. ಸುಖವಾಗಿ ತಿರುಗಿ ಬರಲಿ ಎಂದು ಇನ್ನೊಂದು ಹರಕೆ ಹೊತ್ತುಕೋ. ಈ ಸಲ ಬಿಡಿಸಿ ಹೇಳು ಅವನಿಗೆ.